ತಾನಾಗಿ ಬಡಿಯುವ ಡಬ್ಬ

ಸೋಮವಾರಪೇಟೆ
ಸೆಪ್ಟೆಂಬರ್ 11, 1955, ಭಾನುವಾರ

ಆಟೊಮ್ಯಾಟನ್ ಎಂಬ ಪದಕ್ಕೆ ಇವತ್ತು ಏಳು ಕನ್ನಡ ಪದ ಬರೆದೆ, ಆರನ್ನು ಹೊಡೆದುಹಾಕಿದೆ. ಉಳಿದದ್ದು ‘ಸ್ವಯಂಚಾಲಿತ ಪುತ್ಥಳಿ’. ಅದನ್ನು ಪೂರ್ತಿ ಉಚ್ಚರಿಸುವಷ್ಟರಲ್ಲಿ ಗೊಂಬೆಯ ಆಟವೇ ಮುಗಿದಿರುತ್ತದೆ. ಆದರೂ ಸದ್ಯಕ್ಕೆ ಇರಲಿ.

ಮೈಸೂರಿನ ಪ್ರಕಾಶಕರೊಬ್ಬರು ಮಕ್ಕಳಿಗಾಗಿ ವಿಜ್ಞಾನದ ಪುಸ್ತಕ ತರುತ್ತಿದ್ದಾರೆ. ಅದರಲ್ಲಿ ತಾನಾಗಿ ಚಲಿಸುವ ಗೊಂಬೆಗಳ ಚರಿತ್ರೆ ನನ್ನ ಪಾಲಿಗೆ ಬಂದಿದೆ. ಹೈಸ್ಕೂಲಿನ ಕನ್ನಡ ಪಂಡಿತನಿಗೂ ಯಂತ್ರಕ್ಕೂ ಏನು ಸಂಬಂಧ ಎಂದು ಬರೆದು ಕೇಳಿದೆ. ಯಂತ್ರ ಹೇಗಿದ್ದರೂ ನಡೆಯುತ್ತದೆ, ಹೆಸರು ಸರಿಯಾಗಿರಬೇಕು ಎಂದು ಉತ್ತರ ಬಂತು. ಮಾತು ಹಿಡಿಸಿತು, ಒಪ್ಪಿಕೊಂಡೆ. ನವೆಂಬರ್ ಮುಗಿಯುವುದರೊಳಗೆ ಕಳಿಸಬೇಕು.

ಮೂಲ ಗ್ರೀಕ್ ಪದಕ್ಕೆ ‘ತನ್ನ ಇಷ್ಟದಂತೆ ತಾನೇ ನಡೆಯುವುದು’ ಎಂದು ಅರ್ಥ. ಇಷ್ಟವೇ ಇಲ್ಲದ ವಸ್ತುವಿಗೆ ಎಂಥ ಹೆಸರು! ಲೇಖನವನ್ನು ಇಲ್ಲಿಂದಲೇ ಆರಂಭಿಸಬಹುದು.

ಇನ್ನೊಂದು ಸಂಗತಿ. ಹೆಂಡತಿ ಕಾಂತಮ್ಮನನ್ನು ಮಡಿಕೇರಿ ಆಸ್ಪತ್ರೆಯಿಂದ ಕರೆತಂದು ವಾರವಾಯಿತು. ಕಳೆದ ತಿಂಗಳು ರೊಟ್ಟಿ ತಟ್ಟುತ್ತಿದ್ದವಳು ಒಲೆಯ ಮುಂದೆಯೇ ಒರಗಿದಳು. ಲಕ್ವ. ಬಲಗೈ, ಬಲಗಾಲು, ಮಾತು ಮೂರೂ ಹೋಗಿವೆ. ಹೇಳಿದ್ದು ತಿಳಿಯುತ್ತದೆ. ಮಾತು ಮರಳಿದರೂ ಮರಳಬಹುದು, ಮರಳದೆಯೂ ಇರಬಹುದು ಎಂದರು ಡಾಕ್ಟರು. ಅವಳ ತಮ್ಮ ನಾಣಯ್ಯ ಕೊಯ್ಲು ಮುಗಿಸಿಕೊಂಡು ಬಂದು ಶಾಂತಳ್ಳಿಗೆ ಕರೆದುಕೊಂಡು ಹೋಗುತ್ತಾನಂತೆ. ಅವನ ಮನೆಯಲ್ಲಿ ಹೆಂಗಸರು ಬೇಕಾದಷ್ಟು ಜನ ಇದ್ದಾರೆ, ಇಲ್ಲಿ ಅವಳಿಗೆ ನಾನೊಬ್ಬನೇ. ಒಪ್ಪಿದೆ. ಲೇಖನವೂ ಆ ಹೊತ್ತಿಗೇ ಮುಗಿಯುತ್ತದೆ. ಎರಡೂ ಒಂದೇ ಸಮಯಕ್ಕೆ ಬಂದದ್ದು ಅನುಕೂಲವೇ ಆಯಿತು.

ಸೆಪ್ಟೆಂಬರ್ 26, ಸೋಮವಾರ

ಡಾಕ್ಟರು ಎರಡು ಮಾತು ಹೇಳಿದ್ದರು. ಎಲ್ಲವೂ ಹೊತ್ತಿಗೆ ಸರಿಯಾಗಿ ಆಗಬೇಕು, ಅವಳ ಜತೆ ಮಾತಾಡುತ್ತಿರಬೇಕು. ಮೊದಲನೆಯದು ನನಗೆ ಬರುತ್ತದೆ.

ವೇಳಾಪಟ್ಟಿಯೊಂದನ್ನು ರಟ್ಟಿನ ಮೇಲೆ ಬರೆದು ಗಡಿಯಾರದ ಕೆಳಗೆ ಮೊಳೆ ಹೊಡೆದು ತೂಗುಹಾಕಿದ್ದೇನೆ. ಕಾಫಿ, ಮಾತ್ರೆ, ಗಂಜಿ, ಎಣ್ಣೆ ತಿಕ್ಕುವುದು, ಮಗ್ಗುಲು ಬದಲಿಸುವುದು, ಎಲ್ಲದಕ್ಕೂ ವೇಳೆ ಇದೆ. ಸ್ಕೂಲು ಎದುರಿಗೇ ಇರುವುದರಿಂದ ಬಿಡುವಿನ ಗಂಟೆ ಹೊಡೆದ ಕೂಡಲೇ ಬಂದುಹೋಗುತ್ತೇನೆ. ನಡುವೆ ಮನೆಗೆಲಸದ ಲಿಂಗಿ ಇರುತ್ತಾಳೆ.

ಮೊದಲ ವಾರ ಕಾಂತಮ್ಮನ ಎಡಗೈಗೆ ಒಂದು ಹಿತ್ತಾಳೆ ಲೋಟ ಕೊಟ್ಟು, ಏನಾದರೂ ಬೇಕಾದರೆ ಮಂಚದ ಕಬ್ಬಿಣಕ್ಕೆ ಬಡಿ ಎಂದಿದ್ದೆ. ಕೇಳಿದ್ದಕ್ಕೆ ಒಂದು ಸಲ ಬಡಿದರೆ ಹೌದು, ಎರಡು ಸಲ ಬಡಿದರೆ ಇಲ್ಲ. ಆಗ ಮೈಮೇಲೆ ಬಂದವರಂತೆ ಬಡಿಯುತ್ತಿದ್ದಳು. ಈಗ ಬಡಿಯುವುದಿಲ್ಲ. ಲಿಂಗಿಗೂ ಅದು ಕಂಡಿದೆ.

“ಅಯ್ಯಾ, ಅಮ್ಮಾರು ಲೋಟ ಮುಟ್ಟೋದೇ ಬಿಟ್ಟವ್ರೆ. ಬಾಗ್ಲ ಕಡಿಕ್ ನೋಡೋದೂ ಬಿಟ್ಟವ್ರೆ” ಎಂದಳು.

ಬೇಕು ಎನ್ನುವ ಮೊದಲೇ ಎಲ್ಲ ಸಿಗುವಾಗ ಲೋಟವನ್ನು ಯಾಕೆ ಮುಟ್ಟಬೇಕು? ವ್ಯವಸ್ಥೆ ಸರಿಯಾಗಿದೆ ಎಂದೇ ಅದರ ಅರ್ಥ.

ಲೇಖನದ ಕಡೆಗೆ ಬಂದರೆ, ಏಳುನೂರೈವತ್ತು ವರ್ಷಗಳ ಹಿಂದೆ ಟೈಗ್ರಿಸ್ ನದಿಯ ಸೀಮೆಯಲ್ಲಿ ಒಬ್ಬ ಯಂತ್ರಕಾರನಿದ್ದ. ತನ್ನ ದೊರೆಗೆ ಕೈತೊಳೆಸುವ ಗೊಂಬೆಯನ್ನು ಮಾಡಿಕೊಟ್ಟ. ಅದು ನೀರು ಸುರಿದು, ಆಮೇಲೆ ಒರೆಸಿಕೊಳ್ಳಲು ವಸ್ತ್ರವನ್ನೂ ನೀಡುತ್ತಿತ್ತು. ದೊರೆ ಕೇಳಬೇಕಾಗಿಯೇ ಇರಲಿಲ್ಲ.

ಅಕ್ಟೋಬರ್ 5, ಬುಧವಾರ

ಡಾಕ್ಟರ ಎರಡನೆಯ ಮಾತನ್ನೂ ನಡೆಸುತ್ತಿದ್ದೇನೆ. ಸಂಜೆ ಅವಳ ಪಕ್ಕ ಕುಳಿತು ಆ ದಿನದ ಪದಗಳನ್ನು ಗಟ್ಟಿಯಾಗಿ ಓದುತ್ತೇನೆ. ಯಂತ್ರಪುರುಷ. ಜಂತ್ರದ ಬೊಂಬೆ. ಕೀಲುಗೊಂಬೆ. ಸೂತ್ರದ ಬೊಂಬೆ. ಕೊನೆಯದನ್ನು ಬಿಡಬೇಕು. ದಾರ ಹಿಡಿದು ಆಡಿಸುವವನಿದ್ದರೆ ಅದು ತಾನಾಗಿ ಆಡಿದಂತಾಗುವುದಿಲ್ಲ.

ಓದುತ್ತಿದ್ದಾಗ ಅವಳು ಗೋಡೆಯ ಕಡೆಗೆ ಮುಖ ತಿರುಗಿಸಿದಳು. ಮಗ್ಗುಲು ಬದಲಿಸುವ ಹೊತ್ತು ಇನ್ನೂ ಆಗಿರಲಿಲ್ಲ.

ಅಕ್ಟೋಬರ್ 23, ಭಾನುವಾರ

ದಸರಾ ರಜದಲ್ಲಿ ಐದು ದಿನ ಮೈಸೂರಿಗೆ ಹೋಗಿ ಬಂದೆ. ಊರಿಗೆ ಊರೇ ದೀಪ ನೋಡುತ್ತಿದ್ದಾಗ ನಾನು ಪುಸ್ತಕಭಂಡಾರದಲ್ಲಿ ಧೂಳು ಕುಡಿಯುತ್ತಿದ್ದೆ. ಸಿಕ್ಕಿದ್ದು ಬಹಳ. ಧಾರಾನಗರದ ರಾಜನ ಹೆಸರಿನಲ್ಲಿರುವ ಸಂಸ್ಕೃತ ವಾಸ್ತುಗ್ರಂಥವೊಂದರಲ್ಲಿ ಕುಣಿಯುವ ಗೊಂಬೆ ಇದೆ, ಬಾಗಿಲು ಕಾಯುವ ಗೊಂಬೆ ಇದೆ. ಮಾಡುವ ಬಗೆ ಗೊತ್ತಿದೆ, ಗುಟ್ಟು ಉಳಿಯಲೆಂದು ಪೂರ್ತಿ ಹೇಳುತ್ತಿಲ್ಲ ಎನ್ನುತ್ತಾನೆ ಗ್ರಂಥಕಾರ. ಪರೀಕ್ಷೆಯಲ್ಲಿ ನನ್ನ ಹುಡುಗರು ಬರೆಯುವ ಉತ್ತರವೂ ಇದೇ ಧಾಟಿಯದು. ಪಾಳಿ ಭಾಷೆಯಲ್ಲಿ ಬುದ್ಧನ ಅಸ್ಥಿ ಕಾಯುವ ಯಂತ್ರಭಟರ ಕಥೆಯಿದೆ. ಫ್ರಾನ್ಸಿನ ಒಂದು ಯಂತ್ರದ ಬಾತುಕೋಳಿ ಕಾಳು ತಿಂದು ಜೀರ್ಣಿಸಿಕೊಂಡು ಹಿಕ್ಕೆಯನ್ನೂ ಹಾಕುತ್ತಿತ್ತಂತೆ. ಹಿಕ್ಕೆ ಮೊದಲೇ ಒಳಗಿಟ್ಟದ್ದು ಎಂದು ಆಮೇಲೆ ತಿಳಿಯಿತು.

ನಾನಿಲ್ಲದ ದಿನಗಳಲ್ಲಿ ನಾಣಯ್ಯ ಇಲ್ಲಿ ಬಂದು ಇದ್ದ. ಬಂದು ನೋಡುತ್ತೇನೆ, ವೇಳಾಪಟ್ಟಿಯ ಮೇಲೆ ಅವನ ಟವೆಲು ನೇತಾಡುತ್ತಿದೆ.

“ಹೊತ್ತೊತ್ತಿಗೆ ಎಲ್ಲ ಕೊಟ್ಟೆಯಾ?” ಎಂದೆ.

“ಮಾತ್ರೆ ಕೊಟ್ಟಿದೀನಿ ಭಾವ. ಬಾಕಿದ್ದು ನೆನಪಾದಾಗ. ನೆನಪಾಗ್ದಿದ್ರೆ ಅಕ್ಕ ಬಿಡ್ಬೇಕಲ್ಲ? ಲೋಟ ಬಡಿದೂ ಬಡಿದೂ ನನ್ ತಲೆ ತಿಂದುಹಾಕಿದ್ಳು!”

ಇಷ್ಟು ದಿನ ಕಟ್ಟಿದ ವ್ಯವಸ್ಥೆಯನ್ನು ಐದು ದಿನದಲ್ಲಿ ಕೆಡಿಸಿಬಿಟ್ಟ. ಮಂಚದ ಕಂಬಿಯ ಬಣ್ಣ ಕೂಡ ಎದ್ದುಹೋಗಿದೆ. ಉಪಕಾರ ಮಾಡಿದವನಿಗೆ ಏನು ಅನ್ನುವುದು? ನಾಳೆಯಿಂದ ಮತ್ತೆ ಪಟ್ಟಿಯ ಪ್ರಕಾರ.

ಅಕ್ಟೋಬರ್ 31, ಸೋಮವಾರ

ಸಂತೆಗೆ ಬಂದ ನಾಣಯ್ಯ ಇಲ್ಲಿಯೇ ಊಟ ಮಾಡಿದ. ಮುಖ ಸಣ್ಣದಾಗಿತ್ತು. ಅವನು ಇಲ್ಲಿದ್ದ ದಿನಗಳಲ್ಲಿ ಕೆಳಗಿನ ಗದ್ದೆಗೆ ಕಾಡುಹಂದಿಗಳು ನುಗ್ಗಿ ಹಾಲುಗಟ್ಟಿದ ಭತ್ತವನ್ನೆಲ್ಲ ಉತ್ತು ಹಾಕಿವೆ. ನನ್ನ ಲೇಖನಕ್ಕಾಗಿ ಅವನಿಗೆ ಈ ನಷ್ಟ. ಬೇಸರವಾಯಿತು, ಹೇಳಿದೆ.

“ಹೋಗ್ಲಿ ಬಿಡಿ ಭಾವ” ಎಂದ. “ಬಡಿಯೋದು ಇದ್ಯಲ್ಲ ಅಂತ ಧೈರ್ಯದ ಮೇಲೆ ಬಂದೆ. ತಪ್ಪು ನಂದೇ.”

‘ಬಡಿಯೋದು’ ಎಂದರೇನು ಎಂದು ಕೇಳಿದೆ. ವಿವರಿಸಿದ. ಏತದಂತೆ ನಡುವೆ ಆನಿಸಿದ, ಒಂದು ತುದಿಯನ್ನು ದೋಣಿಯಂತೆ ಕೆತ್ತಿದ ಉದ್ದದ ಮರ. ತೊರೆಯ ನೀರು ಬಿದ್ದು ದೋಣಿ ತುಂಬಿದಾಗ ಆ ತುದಿ ಬಾಗುತ್ತದೆ, ನೀರು ಚೆಲ್ಲಿಹೋಗುತ್ತದೆ. ಹಗುರಾಗಿ ಅದು ಮೇಲಕ್ಕೆದ್ದರೆ ಇನ್ನೊಂದು ತುದಿ ಕೆಳಗಿರುವ ಸೀಮೆಎಣ್ಣೆ ಡಬ್ಬಕ್ಕೆ ಬಡಿಯುತ್ತದೆ. ನೀರಿರುವ ತನಕ ಹಗಲೂ ರಾತ್ರಿ ಬಡಿಯುತ್ತದೆ, ಹತ್ತಿರ ಆಳು ಬೇಕಿಲ್ಲ. ಎರಡು ಸಾವಿರ ವರ್ಷಗಳ ಹಿಂದೆ ಅಲೆಕ್ಸಾಂಡ್ರಿಯದವನೊಬ್ಬ ನೀರಿನ ಬಲದಿಂದ ಹಕ್ಕಿ ಹಾಡಿಸಿದ ಎಂದು ನಾನು ಬರೆದಿದ್ದೇನೆ. ಹತ್ತು ಮೈಲಿಯಲ್ಲಿ ಇದೊಂದು ಇದೆ ಎಂದು ತಿಳಿದಿರಲಿಲ್ಲ.

“ಸರಿಯಾದ ಹೆಸರೇನು ಅದಕ್ಕೆ?”

“ಅದಕ್ಕೆಂತ ಹೆಸ್ರು ಭಾವ? ಬಡಿಯುತ್ತೆ, ಬಡಿಯೋದು ಅಂತೀವಿ.”

“ಅದು ಬಡಿಯುತ್ತಿದ್ದರೂ ಹಂದಿ ಹೇಗೆ ಬಂತು?”

“ಒಂದೇ ತರ ಬಡೀತಿತ್ತಲ್ಲ! ಮೂರ್ನಾಕ್ ದಿನಕ್ಕೊಂದ್ಸಲ ಹೋಗಿ ಡಬ್ಬ ಜರುಗಿಸ್ಬೇಕು. ದೋಣಿಗೊಂದು ಕಲ್ಲು ಹಾಕ್ಬೇಕು, ತೆಗೀಬೇಕು. ಒಂದ್ಸಲ ಬೇಗ, ಒಂದ್ಸಲ ತಡ ಆಗ್ತಾ ಇರ್ಬೇಕು. ತಪ್ಪದೇ ಬಡಿದ್ರೆ ಹಂದಿಗೆ ಗೊತ್ತಾಗುತ್ತೆ, ಇಲ್ಲಿ ಮನುಷ್ಯ ಇಲ್ಲ ಅಂತ.”

ಲೇಖನಕ್ಕೆ ಉಪಯೋಗವಾಗುತ್ತದೆ, ಹಾಗೆಯೇ ಬರೆದುಕೊಂಡೆ. ಅವನು ಹೊರಟಾಗ ಕಾಂತಮ್ಮನಿಗೆ ಗಂಜಿಯ ಹೊತ್ತಾಗಿತ್ತು. ಕೊಟ್ಟೆ. ಕುಡಿದಳು.

ನವೆಂಬರ್ 3, ಗುರುವಾರ

ಕೊಡಗು ಮೈಸೂರಿಗೆ ಸೇರಬೇಕೋ ಬೇಡವೋ ಎಂದು ಸ್ಟಾಫ್ ರೂಮಿನಲ್ಲಿ ಜಗಳ. ನನ್ನ ಅಭಿಪ್ರಾಯ ಕೇಳಿದರು. ಚದುರಂಗ ಆಡುವ ಗೊಂಬೆಯ ಬಗ್ಗೆ ಯೋಚಿಸುತ್ತಿದ್ದೇನೆ ಎಂದೆ. ಯುರೋಪಿನ ಅರಮನೆಗಳನ್ನೆಲ್ಲ ಸುತ್ತಿ ಗೆದ್ದುಬಂದ ಆ ಗೊಂಬೆಯ ಪೆಟ್ಟಿಗೆಯೊಳಗೆ ಒಬ್ಬ ಮನುಷ್ಯ ಮುದುರಿಕೊಂಡು ಕೂತಿರುತ್ತಿದ್ದ. ಅದು ತಿಳಿದ ಮೇಲೆ ಜನ ಛೀ ಎಂದರು. ಒಳಗಿದ್ದವನ ಬೆನ್ನುನೋವನ್ನು ಯಾರೂ ಬರೆದಿಲ್ಲ.

ಪಟ್ಟಿಗೆ ಮರಳಿದ ಮೇಲೆ ಕಾಂತಮ್ಮ ಒಮ್ಮೆಯೂ ಬಡಿದಿಲ್ಲ. ಲೋಟವನ್ನು ಲಿಂಗಿ ತೊಳೆದು ಕಪಾಟಿನಲ್ಲಿಟ್ಟಿದ್ದಳು. ತೆಗೆದು ಮತ್ತೆ ಮಂಚದ ಮೇಲಿಟ್ಟೆ. ಅವಳು ಅದನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ.

ನವೆಂಬರ್ 6, ಭಾನುವಾರ

ಇವತ್ತು ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಬೆಳಗಿನಿಂದ ಟಿಪ್ಪುವಿನ ಹುಲಿಯ ಬಗ್ಗೆ ಬರೆಯುತ್ತಿದ್ದೆ. ಮರದ ಹುಲಿ ಮರದ ಸಿಪಾಯಿಯ ಮೇಲೆ ಕೂತಿದೆ. ಹಿಡಿ ತಿರುಗಿಸಿದರೆ ಹುಲಿ ಗುರ್ರೆನ್ನುತ್ತದೆ, ಸಿಪಾಯಿ ಕೈ ಎತ್ತಿ ನರಳುತ್ತಾನೆ. ಆ ನರಳಾಟಕ್ಕೆ ಒಳ್ಳೆಯ ಕ್ರಿಯಾಪದ ಸಿಗದೆ ಒದ್ದಾಡುತ್ತಿದ್ದಾಗ ಎಲ್ಲೋ ಕಬ್ಬಿಣದ ಸದ್ದು ಕೇಳಿಸಿತು. ಕುಲುಮೆಯ ಕಡೆಯಿಂದ ಇರಬೇಕು ಎಂದುಕೊಂಡೆ. ಗಡಿಯಾರದಲ್ಲಿ ಹನ್ನೊಂದಾಗಿತ್ತು, ಗಂಜಿಗೆ ಇನ್ನೂ ಹೊತ್ತಿತ್ತು. ಸದ್ದು ನಿಲ್ಲಲಿಲ್ಲ. ತಲೆಯೆತ್ತಿ ನೋಡುತ್ತೇನೆ, ಬಿಸಿಲು ಪಡುವಣ ಕಿಟಕಿಗೆ ಬಂದಿದೆ! ಭಾನುವಾರ ಬೆಳಿಗ್ಗೆ ಗಡಿಯಾರಕ್ಕೆ ವಾರದ ಕೀ ಕೊಡುವುದನ್ನು ಇವತ್ತು ಮರೆತಿದ್ದೇನೆ. ಅದು ನಿಂತು ಎಷ್ಟು ಹೊತ್ತಾಗಿತ್ತೋ.

ಓಡಿದೆ. ಕಾಂತಮ್ಮ ಲೋಟವನ್ನು ಎತ್ತಿ ಹಿಡಿದು ನನ್ನನ್ನು ದುರುಗುಟ್ಟಿ ನೋಡುತ್ತಿದ್ದಳು. ಹಸಿವೆಯಾ? ಒಂದು ಸಲ. ಗಂಜಿ ಬೇಯುವತನಕ ಕಾಫಿ ಕೊಡಲಾ? ಒಂದು ಸಲ, ಕಂಬಿ ಬಾಗುವಂತೆ. ಒಲೆ ಊದಿ ಕಾಫಿ ಮಾಡಿ ಕುಡಿಸಿದೆ. ಮೊದಲ ಗುಟುಕನ್ನೇ ನನ್ನ ಅಂಗಿಯ ಮೇಲೆ ಉಗಿದಳು. ರುಚಿ ನೋಡಿದೆ. ಸಕ್ಕರೆಯೆಂದು ಉಪ್ಪು ಹಾಕಿದ್ದೆ.

ಆಗ ಅವಳ ಗಂಟಲಿನಿಂದ ವಿಚಿತ್ರವಾದ ಸದ್ದು ಬರತೊಡಗಿತು. ಭುಜ ಕುಲುಕಿತು, ಕಣ್ಣಲ್ಲಿ ನೀರು ಬಂತು. ಎರಡನೆಯ ಸಲ ಲಕ್ವ ಹೊಡೆಯಿತು ಎಂದೇ ತಿಳಿದೆ. ಹಿತ್ತಲಿಗೆ ಓಡಿ ಲಿಂಗಿಯನ್ನು ಕೂಗಿದೆ. ಅವಳು ಬಂದು ಬಾಗಿಲಲ್ಲೇ ನಿಂತು ನೋಡಿದಳು.

“ಅಯ್ಯೋ ಅಯ್ಯಾ, ಅಮ್ಮಾರು ನಗ್ತಾ ಅವ್ರೆ!”

ಹೌದು, ನಗುತ್ತಿದ್ದಳು. ಮುಖದ ಎಡಭಾಗ ಮಾತ್ರ ನಗುತ್ತಿತ್ತು, ಬಲಭಾಗವನ್ನು ನಾನು ನೆನಪಿನಿಂದ ಸೇರಿಸಿಕೊಂಡೆ. ಕಾಫಿ ಸುರಿಯುತ್ತಿದ್ದ ಅಂಗಿಯಲ್ಲೇ ಬಹಳ ಹೊತ್ತು ಅಲ್ಲಿ ಕುಳಿತಿದ್ದೆ. ನನಗೆ ಸಂತೋಷವಾಯಿತು. ಇದನ್ನು ಬೇರೆ ರೀತಿಯಲ್ಲಿ ಬರೆಯಲು ನೋಡಿದೆ, ಆಗಲಿಲ್ಲ.

ಹುಲಿಯ ಭಾಗ ಅರ್ಧಕ್ಕೇ ನಿಂತಿದೆ.

ನವೆಂಬರ್ 10, ಗುರುವಾರ

ಗಡಿಯಾರಕ್ಕೆ ಇನ್ನೂ ಕೀ ಕೊಟ್ಟಿಲ್ಲ. ಕೀಯನ್ನು ಎಲ್ಲಿಟ್ಟಿದ್ದೇನೋ, ಹುಡುಕಲು ಪುರುಸೊತ್ತಾಗಿಲ್ಲ. ಮಾತ್ರೆಗಳು ಸ್ಕೂಲಿನ ಗಂಟೆಯ ಮೇಲೆ ನಡೆಯುತ್ತಿವೆ. ಉಳಿದದ್ದನ್ನು ಅವಳೇ ಬಡಿದು ಹೇಳುತ್ತಾಳೆ. ಪಾಠದ ನಡುವೆ ಕಿಟಕಿಯಿಂದ ಆ ಸದ್ದು ಕೇಳಿಸುತ್ತದೆ. ಹುಡುಗರು ನಗುತ್ತಾರೆ. ನಗಲಿ.

ಸಂಜೆ ಪದಗಳನ್ನು ಓದಿದೆ. ‘ಸ್ವಯಂಚಾಲಿತ ಪುತ್ಥಳಿ’ ಎಂದೆ. ಎರಡು ಸಲ ಬಡಿದಳು. ನಾನು ಕೇಳಿಯೇ ಇರಲಿಲ್ಲ. ‘ಯಂತ್ರಪುರುಷ’ ಎಂದೆ. ಸ್ವಲ್ಪ ಯೋಚಿಸಿ ಎರಡು ಸಲ. ‘ಕೀಲುಗೊಂಬೆ’ಗೆ ಒಂದು ಸಲ, ಥಟ್ಟನೆ. ಯಾಕೆ ಎಂದರೆ ಹೇಳಲು ಅವಳಿಗೆ ಬಾಯಿಲ್ಲ, ಆದರೆ ಅವಳ ತೀರ್ಪು ಸರಿ. ‘ರೋಬಾಟ್’ ಎಂಬ ಹೊಸ ಪದವನ್ನೂ ಮುಂದಿಟ್ಟೆ. ಈಚೆಗೆ ಚೆಕ್ ಭಾಷೆಯಿಂದ ಬಂದದ್ದು, ಬಿಟ್ಟಿ ಚಾಕರಿ ಎಂಬ ಅರ್ಥ ಒಳಗಿದೆ ಎಂದು ವಿವರಿಸಿದೆ. ಲೋಟವನ್ನು ಮೆಲ್ಲನೆ ಎತ್ತಿ ಅಡುಗೆಮನೆಯ ಕಡೆಗೆ ತೋರಿಸಿದಳು.

ಇಷ್ಟೊಂದು ಅಭಿಪ್ರಾಯಗಳು ಇವಳಲ್ಲಿವೆ ಎಂದು ಗೊತ್ತಿರಲಿಲ್ಲ. ‘ಪುತ್ಥಳಿ’ಯನ್ನು ಎಲ್ಲ ಪುಟಗಳಲ್ಲೂ ತಿದ್ದಿದೆ.

ನವೆಂಬರ್ 19, ಶನಿವಾರ

ಜಗಳವಾಯಿತು. ಬಲಗೈ ಬೆರಳುಗಳನ್ನು ದಿನಾ ಬಿಡಿಸಿ ಮಡಿಸಬೇಕೆಂದು ಡಾಕ್ಟರು ಹೇಳಿದ್ದಾರೆ, ಇವಳು ಬಿಡುವುದಿಲ್ಲ. ನೋಯುತ್ತದೆ. “ನಿನ್ನಂಥ ಹಟಮಾರಿಯನ್ನು ಎಲ್ಲೂ ನೋಡಿಲ್ಲ!” ಎಂದು ರೇಗಿದೆ. ಲೋಟವನ್ನು ನನ್ನ ಕಡೆಗೆ ಎಸೆದಳು. ಎಡಗೈಯ ಗುರಿ, ನನಗೆ ತಾಗಲಿಲ್ಲ, ಬಾಗಿಲು ದಾಟಿ ನನ್ನ ಬರೆಯುವ ಮೇಜಿಗೆ ಬಡಿದು ಮಸಿಕುಡಿಕೆ ಉರುಳಿತು. ಫ್ರಾನ್ಸಿನ ಬಾತುಕೋಳಿ ಪೂರ್ತಿ ಮುಳುಗಿತು.

ನಾನು ಹೊರಗೆ ಹೋಗಿ ಜಗಲಿಯ ಮೇಲೆ ಕೂತೆ. ಸ್ವಲ್ಪ ಹೊತ್ತಾದ ಮೇಲೆ ನೆನಪಾಯಿತು, ಲೋಟ ಅವಳ ಕೈಯಲ್ಲಿಲ್ಲ, ಕರೆಯಬೇಕೆಂದರೂ ಕರೆಯಲಾರಳು. ಎದ್ದು ಒಳಗೆ ಬಂದೆ. ಅವಳು ಬಲಗೈಯನ್ನು ಎಡಗೈಯಿಂದ ಎತ್ತಿ ಮಡಿಲಲ್ಲಿ ಇಟ್ಟುಕೊಂಡು ಬಾಗಿಲನ್ನೇ ನೋಡುತ್ತಿದ್ದಳು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಈ ಸಲ ತಡೆಯಲಿಲ್ಲ.

ಎರಡು ಪುಟ ಮತ್ತೆ ಬರೆಯಬೇಕು. ಬರೆಯಲಿಲ್ಲ.

ನವೆಂಬರ್ 27, ಭಾನುವಾರ

ಪ್ರಕಾಶಕರಿಗೆ ಇನ್ನು ಹದಿನೈದು ದಿನ ಬೇಕೆಂದು ಬರೆದೆ. ಈವರೆಗೆ ಯಾರ ಹತ್ತಿರವೂ ಗಡುವು ಮುಂದೆ ಹಾಕಿಸಿಕೊಂಡವನಲ್ಲ ನಾನು.

ಬರುವ ಭಾನುವಾರ ಜೀಪು ತರುತ್ತೇನೆಂದು ನಾಣಯ್ಯ ಹೇಳಿಕಳಿಸಿದ್ದಾನೆ. ಕಾಂತಮ್ಮನಿಗೆ ತಿಳಿಸಿದೆ. “ಅಲ್ಲಿ ಎಲ್ಲರೂ ಇದ್ದಾರೆ, ನಿನಗೂ ಅನುಕೂಲ, ಹೋಗುತ್ತೀಯಲ್ಲ?” ಎಂದೆ. ಬಹಳ ಹೊತ್ತು ನನ್ನ ಮುಖ ನೋಡಿ ಒಂದು ಸಲ ಬಡಿದಳು.

ಆಮೇಲೆ ಯೋಚಿಸಿದೆ. ಬೇರೆ ಉತ್ತರಕ್ಕೆ ಜಾಗವೇ ಇಲ್ಲದಂತೆ ಕೇಳಿದ ಪ್ರಶ್ನೆ ಅದು. ಪರೀಕ್ಷೆಯಲ್ಲಿ ಇಂಥ ಪ್ರಶ್ನೆ ಹಾಕಿದರೆ ನಾನೇ ಹೊಡೆದುಹಾಕುತ್ತೇನೆ. ಆದರೆ ಉತ್ತರ ಬಂದುಬಿಟ್ಟಿದೆ. ಟ್ರಂಕಿನಲ್ಲಿ ಅವಳ ಸೀರೆಗಳನ್ನು ಜೋಡಿಸಿದೆ. ಅವಳು ಮಡಿಸುವಂತೆ ನನಗೆ ಮಡಿಸಲು ಬರುವುದಿಲ್ಲ.

ಡಿಸೆಂಬರ್ 2, ಶುಕ್ರವಾರ

ಏನೂ ಬರೆಯಲಾಗಲಿಲ್ಲ. ಕೊನೆಯ ಪ್ಯಾರಾ ಒಂದೇ ಬಾಕಿ.

ಡಿಸೆಂಬರ್ 4, ಭಾನುವಾರ

ನಾಣಯ್ಯ ಬೆಳಿಗ್ಗೆಯೇ ಬಂದ, ಹಂದಿ ಬಿಟ್ಟ ಗದ್ದೆಯ ಹೊಸ ಅಕ್ಕಿ ತಂದಿದ್ದ. ಟ್ರಂಕನ್ನು ಜೀಪಿಗೆ ಹೊತ್ತು ಹಾಕಿದೆವು. ಹಿಂದಿನ ಸೀಟಿನಲ್ಲಿ ಹಾಸಿಗೆ ಹಾಸಿದೆವು. “ಹೊರಡೋಣ್ವಾ ಅಕ್ಕ?” ಎಂದು ಕೇಳಿದ. ಕಾಂತಮ್ಮ ನನ್ನ ಕಡೆ ನೋಡಿದಳು. ನಾನು ಜೀಪಿನ ಕಡೆ ನೋಡಿದೆ. ಒಂದು ಸಲ ಬಡಿದಳು.

ಅವಳನ್ನು ಎತ್ತಲು ಬಗ್ಗಿದವನು ಗೋಡೆಯ ಕಡೆ ನೋಡಿ ನಿಂತ.

“ಭಾವ, ಆ ಟೈಮ್ ಟೇಬಲ್ ಕೊಡಿ. ನಮ್ ಮನೆ ಹೆಂಗಸ್ರು ಅದನ್ನ್ ನೋಡ್ಕಂಡು ಸರಿಯಾಗಿ ಮಾಡ್ತಾರೆ.”

ಮೊಳೆಯಿಂದ ತೆಗೆದೆ. ಕೊಡಲೆಂದೇ ತೆಗೆದದ್ದು. ಕೈಯಲ್ಲೇ ಉಳಿಯಿತು.

“ಇದು ಬೇಡ ನಾಣಯ್ಯ” ಎಂದೆ. “ಮಾತ್ರೆ ಹೊತ್ತಿಗೆ ಸರಿಯಾಗಿ ಕೊಡಿ, ಸಾಕು. ಬಾಕಿದ್ದನ್ನ ಒಂದೇ ತರ ಮಾಡ್ಬೇಡಿ. ಒಂದಿನ ಕಾಫಿ ತಡ ಮಾಡಿ. ಸಕ್ಕರೆ ಮರೆತುಹೋಗ್ಲಿ. ಲೋಟ ಎಸೆದ್ರೆ ಬೈದುಬಿಡಿ, ಏನೂ ಆಗಲ್ಲ. ಸಂಜೆ ಏನಾದ್ರೂ ಓದಿ ಹೇಳಿ, ಚೆನ್ನಾಗಿಲ್ದಿದ್ರೆ ಅವಳೇ ಹೇಳ್ತಾಳೆ. ಡಬ್ಬ ಜರುಗಿಸ್ತಾ ಇರಬೇಕು. ಇಲ್ದಿದ್ರೆ ಅವಳಿಗೆ ಗೊತ್ತಾಗಿಬಿಡುತ್ತೆ, ಇಲ್ಲಿ...”

ಮುಂದಕ್ಕೆ ಆಗಲಿಲ್ಲ. ಇಷ್ಟು ವರ್ಷ ವ್ಯಾಕರಣ ಕಲಿಸಿದವನಿಗೆ ಒಂದು ವಾಕ್ಯ ಮುಗಿಸಲು ಬರಲಿಲ್ಲ.

ಆಗ ಲೋಟ ಎರಡು ಸಲ ಬಡಿಯಿತು.

ಯಾರೂ ಅವಳನ್ನು ಏನೂ ಕೇಳಿರಲಿಲ್ಲ. ನಾಣಯ್ಯ ತಿರುಗಿ, “ಎಂತ ಬೇಡ ಅಕ್ಕ?” ಎಂದ. ಲೋಟವನ್ನು ಎತ್ತಿ ಬಾಗಿಲಾಚೆ ನಿಂತಿದ್ದ ಜೀಪನ್ನು ತೋರಿಸಿ, ಮತ್ತೆ ಎರಡು ಸಲ.

“ಈಗಷ್ಟೇ ಹೂಂ ಅಂದ್ಯಲ್ಲ! ನಾನು ಜೀಪ್ ಮಾಡ್ಕಂಡ್ ಬಂದಿದೀನಿ, ಮನೇಲಿ ಎಲ್ರೂ ಕಾಯ್ತಾ ಅವ್ರೆ. ಭಾವ, ನೀವಾದ್ರೂ ಹೇಳಿ.”

ಮಂಚದ ಪಕ್ಕ ಕುಳಿತೆ. ಈ ಸಲ ಪ್ರಶ್ನೆಯನ್ನು ಸರಿಯಾಗಿ ಕೇಳಬೇಕಿತ್ತು. “ಕಾಂತಾ, ನೀನು ಇಲ್ಲೇ ಇದ್ದರೆ ನನಗೆ ಬಹಳ ಇಷ್ಟ. ಅಲ್ಲಿ ನಿನ್ನನ್ನ ನನಗಿಂತ ಚೆನ್ನಾಗಿ ನೋಡ್ಕೋತಾರೆ, ಅದೂ ನಿಜ. ಇರ್ತೀಯಾ?” ಎಂದೆ.

ಒಂದು ಸಲ ಬಡಿದಳು.

ನಾಣಯ್ಯ ಗೊಣಗಿಕೊಂಡೇ ಊಟ ಮಾಡಿ, ಗೊಣಗಿಕೊಂಡೇ ಜೀಪು ಹತ್ತಿದ. ಅವನು ಹೋಗಿ ಬಹಳ ಹೊತ್ತಾದ ಮೇಲೆ ಗೊತ್ತಾಯಿತು, ಟ್ರಂಕು ಜೀಪಿನಲ್ಲೇ ಹೋಗಿದೆ. ಮನೆಯಲ್ಲಿ ಅವಳಿಗೆ ಉಡಲು ಸೀರೆಯೇ ಇಲ್ಲ. ನಾಳೆ ಸಂತೆಗೆ ಬರುವಾಗ ತಂದಾನು. ಅಲ್ಲಿಯವರೆಗೆ ನನ್ನ ಪಂಚೆ ಸುತ್ತಿಕೊಂಡಿರಬೇಕು. ಕನ್ನಡಿ ತೋರಿಸಿದೆ, ಮತ್ತೆ ಆ ಅರ್ಧ ನಗು.

ಲೇಖನದ ಕೊನೆಯ ಪ್ಯಾರಾ ಬರೆಯಲು ಈಗಷ್ಟೇ ಕೂತಿದ್ದೇನೆ. ‘ಕೀಲುಗೊಂಬೆಗೂ ಮನುಷ್ಯನಿಗೂ ಇರುವ ವ್ಯತ್ಯಾಸವೇನೆಂದರೆ’ ಎಂದು ಶುರುಮಾಡಿ ನಿಲ್ಲಿಸಿದ್ದೇನೆ. ಬಡಿಯುತ್ತಿದ್ದಾಳೆ, ಏನು ಬೇಕೋ ನೋಡಿ ಬರುತ್ತೇನೆ.